ಬೀದಿಗೆ ಕಾಣದ ಮಹಡಿ

ನಮ್ಮ ಭಾವ ಮಾಡುವ ಕೆಲಸ ಏನೆಂದು ಹೊಸಬರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಇಸ್ತ್ರಿ ಪೆಟ್ಟಿಗೆ ತಣ್ಣಗಾಗಿರುತ್ತದೆ. ಅವರು ಮನೆ ಕಟ್ಟುವುದಿಲ್ಲ. ಕಟ್ಟಲಿರುವ ಮನೆ ಎಷ್ಟು ಎತ್ತರ ಬರುತ್ತದೆ, ಎಷ್ಟು ಅಗಲ ಬರುತ್ತದೆ ಎಂಬುದನ್ನು ಖಾಲಿ ಜಾಗದಲ್ಲಿ ಬೊಂಬು ನೆಟ್ಟು, ಬೊಂಬಿನಿಂದ ಬೊಂಬಿಗೆ ಹಗ್ಗ ಎಳೆದು, ತುದಿಗೆ ಕೆಂಪು ಬಟ್ಟೆ ಕಟ್ಟಿ ತೋರಿಸುತ್ತಾರೆ. ನಮ್ಮ ನಗರದಲ್ಲಿ ಹಾಗೊಂದು ಪದ್ಧತಿ ಇದೆ. ಹಳೆಯ ಬೀದಿಯಲ್ಲಿ ಯಾರಾದರೂ ಹೊಸ ಕಟ್ಟಡ ಎಬ್ಬಿಸಬೇಕಾದರೆ ಮೊದಲು ಅದರ ಆಕಾರವನ್ನು ಹೀಗೆ ಗಾಳಿಯಲ್ಲಿ ನಿಲ್ಲಿಸಬೇಕು. ಬೀದಿಯವರು ಹೋಗುತ್ತಾ ಬರುತ್ತಾ ನೋಡಬೇಕು. ಆಮೇಲೆ ನಗರ ಕಚೇರಿಯವರು ಸಭೆ ಕರೆದು ಯಾರಿಗೇನು ತಕರಾರು ಎಂದು ಕೇಳಬೇಕು. ನಕ್ಷೆ ನೋಡಿದರೆ ಜನಕ್ಕೆ ಕಟ್ಟಡ ಕಾಣುವುದಿಲ್ಲ, ಬೊಂಬು ನೋಡಿದರೆ ಕಾಣುತ್ತದೆ ಎಂಬುದು ಈ ಪದ್ಧತಿ ತಂದವರ ಲೆಕ್ಕ. ಬೊಂಬು ನೋಡಿದ ಜನಕ್ಕೆ ಕಾಣುವುದು ಜಗಳ ಎಂಬುದು ನನ್ನ ಲೆಕ್ಕ.

ಬೀದಿಯಲ್ಲಿ ಭಾವನಿಗೆ ಬೊಂಬು ಮೇಸ್ತ್ರಿ ಎಂದೇ ಹೆಸರು. ನನ್ನ ಅಕ್ಕನ ಗಂಡ. ಬೊಂಬಿನ ವಿಷಯ ಬಿಟ್ಟರೆ ಬೇರೆ ಯಾವುದರಲ್ಲೂ ಆ ಮನುಷ್ಯ ಒಂದು ಕಡೆ ನಿಂತವರಲ್ಲ. ಯಾರದಾದರೂ ಮದುವೆಗೆ ಹೋಗಬೇಕಾದರೆ ಎರಡು ಅಂಗಿ ತಂದು ಇಸ್ತ್ರಿ ಮಾಡಿಸುತ್ತಾರೆ, ಯಾವುದು ಹಾಕಿಕೊಳ್ಳಬೇಕೆಂದು ಇನ್ನೂ ತೀರ್ಮಾನ ಆಗಿರುವುದಿಲ್ಲ. ಟೀ ಹೇಳಲೋ ಕಾಫಿ ಹೇಳಲೋ ಎಂದು ತಲೆ ಕೆರೆದುಕೊಂಡು ಕೊನೆಗೆ ನಾನು ಕುಡಿಯುವುದನ್ನೇ ಕುಡಿಯುತ್ತಾರೆ. "ನಿಮ್ಮ ಭಾವನ್ನ ದಾರಿ ಕವಲೊಡೆಯೋ ಕಡೆ ಬಿಟ್ಟು ಬಂದ್ರೆ ಅಲ್ಲೇ ನಿಂತು ಮುದುಕರಾಗ್ತಾರೆ" ಎಂದು ಅಕ್ಕ ಹೇಳುವುದರಲ್ಲಿ ಸುಳ್ಳೇನಿಲ್ಲ.

ಆದರೆ ಬೊಂಬು ಕೈಗೆ ಬಂತೆಂದರೆ ಮನುಷ್ಯ ಬೇರೆಯೇ. ಒಂದು ಬೊಂಬು ಕೂದಲೆಳೆಯಷ್ಟು ವಾಲಿದರೂ ಅವರಿಗೆ ಊಟ ಸೇರುವುದಿಲ್ಲ. ದಾರಿಯಲ್ಲಿ ಹೋಗುವವರು ನಿಂತು "ಕಟ್ಟಡ ಚೆನ್ನಾಗಿ ಬರುತ್ತಾ ಮೇಸ್ತ್ರಿ?" ಎಂದು ಕೇಳಿದರೆ ಒಂದೇ ಉತ್ತರ. "ನಾನು ಎತ್ತರ ತೋರಿಸೋನು. ಚೆಂದ ಹೇಳೋದು ನನ್ನ ಕೆಲಸ ಅಲ್ಲ." ಇಷ್ಟು ವರ್ಷ ಈ ಮಾತಿನ ನೆರಳಲ್ಲಿ ಅವರು ಹಾಯಾಗಿದ್ದರು.

ನಮ್ಮ ಬೀದಿ ಹಳೆಯದು, ಸ್ವಲ್ಪ ಇಳಿಜಾರು. ಎರಡೂ ಬದಿಗೆ ಎರಡಂತಸ್ತಿನ ಹೆಂಚಿನ ಮನೆಗಳು, ಮರದ ಬಾಲ್ಕನಿ, ಕಮಾನಿನ ಕಿಟಕಿ, ಕಿಟಕಿಗೆ ಹಸಿರು ಬಣ್ಣ. ಹೊಸದಾಗಿ ಮದುವೆಯಾದವರು ಎಲ್ಲಿಂದಲೋ ಬಂದು ನಮ್ಮ ಗೋಡೆಗಳಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಲು ಚೆಂದವೇ, ಇಲ್ಲವೆನ್ನುವುದಿಲ್ಲ. ಆ ಗೋಡೆಗಳ ಒಳಗೆ ಎಷ್ಟು ಜನ ಎಲ್ಲೆಲ್ಲಿ ಕಾಲು ಮಡಚಿ ಮಲಗುತ್ತಾರೆ ಎಂಬುದು ಫೋಟೋದಲ್ಲಿ ಬರುವುದಿಲ್ಲ.

ಭಾವನ ಮನೆಯನ್ನೇ ನೋಡಿ. ಅಂಥ ಒಂದು ಮನೆಯ ಕೆಳಗಿನ ಅಂತಸ್ತು. ಎರಡು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಭಾವ, ಅಕ್ಕ, ಮಗಳು, ಅಳಿಯ, ಶಾಲೆಗೆ ಹೋಗುವ ಮೊಮ್ಮಗಳು, ತೊಟ್ಟಿಲಲ್ಲೊಂದು ಕೂಸು. ಅಳಿಯ ಬಸ್ ಡ್ರೈವರ್. ನಸುಕಿಗೆ ಎದ್ದು ಹೋಗಿ ಮಧ್ಯಾಹ್ನ ಬಂದು ಮಲಗುತ್ತಾನೆ, ಅವನು ಮಲಗಿದನೆಂದರೆ ಮನೆಯೆಲ್ಲ ಪಿಸುಮಾತು. ಮುಂದಿನ ಕೋಣೆಯ ಬಾಗಿಲು ಬೀರುವಿಗೆ ತಾಗಿ ಅರ್ಧವೇ ತೆರೆಯುವುದರಿಂದ ಎಲ್ಲರೂ ಅಡ್ಡಡ್ಡವಾಗಿ ಒಳಗೆ ಹೋಗುತ್ತಾರೆ. ಮೊಮ್ಮಗಳು ಮನೆಪಾಠ ಬರೆಯುವುದು ವಾಷಿಂಗ್ ಮೆಷಿನ್ ಮೇಲೆ. ಮೆಷಿನ್ ತಿರುಗುತ್ತಿದ್ದರೆ ಅವಳ ಅಕ್ಷರಗಳೂ ಕುಣಿಯುತ್ತವೆ, ಬೈಸಿಕೊಳ್ಳುವುದು ಮಾತ್ರ ಶಾಲೆಯಲ್ಲಿ.

ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಸಂಜೆ ಮನೆಗೆ ಹೋಗುವ ಮುಂಚೆ ನನ್ನ ಅಂಗಡಿಗೆ ಬಂದು, ಬಟ್ಟೆ ಗಂಟಿನ ಪಕ್ಕ ಸ್ಟೂಲ್ ಎಳೆದುಕೊಂಡು ಸುಮ್ಮನೆ ಕೂರುತ್ತಿದ್ದಳು. "ಏನಾಯ್ತೇ?" ಎಂದರೆ, "ಏನಿಲ್ಲ ಮಾಮ, ಇಲ್ಲಿ ಒಂದಷ್ಟು ಹೊತ್ತು ಕೂತಿರ್ತೀನಿ. ಮನೇಲಿ ಕೂರೋಕೆ ನನ್ನ ಸರದಿ ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಬೇರೆ ಮನೆ ಮಾಡಲು ಗಂಡ ಹೆಂಡತಿ ನೋಡದೆ ಇರಲಿಲ್ಲ. ಹತ್ತಿರದ ಮನೆಗಳು ಕೈಗೆಟುಕವು, ಎಟುಕುವ ಮನೆಗಳು ನಗರದ ಆಚೆ ತುದಿಯಲ್ಲಿ. ಅಲ್ಲಿಗೆ ಹೋದರೆ ಕೂಸನ್ನು ನೋಡಿಕೊಳ್ಳಲು ಅಕ್ಕ ಇರುವುದಿಲ್ಲ, ಅಕ್ಕ ಇಲ್ಲದಿದ್ದರೆ ಇವಳ ಕೆಲಸ ಇರುವುದಿಲ್ಲ.

ಹೀಗಿರುವಾಗ ಬೀದಿಯ ನಡುವೆ ಪಾಳು ಬಿದ್ದಿದ್ದ ಹಳೆಯ ಐಸ್ ಫ್ಯಾಕ್ಟರಿಯನ್ನು ಕೆಡವಿದರು. ಅಲ್ಲಿ ಸಾಲು ಮನೆಗಳ ಕಟ್ಟಡ ಬರುತ್ತದೆ ಎಂದಾಯಿತು. ನಗರ ಕಚೇರಿಯ ಒಂದು ನಿಯಮವಿದೆ: ಬೀದಿಯ ಎತ್ತರಕ್ಕಿಂತ ಒಂದು ಮಹಡಿ ಹೆಚ್ಚಿಗೆ ಕಟ್ಟಲು ಒಪ್ಪಿಗೆ ಸಿಕ್ಕಿದರೆ, ಆ ಮಹಡಿಯ ಮನೆಗಳನ್ನು ಅದೇ ಬೀದಿಯಲ್ಲಿ ಇಕ್ಕಟ್ಟಿನಲ್ಲಿರುವ ಸಂಸಾರಗಳಿಗೆ ಕಡಿಮೆ ಬಾಡಿಗೆಗೆ ಕೊಡಬೇಕು. ಚೀಟಿ ಎತ್ತಿದರು. ನಮ್ಮ ಹುಡುಗಿಯ ಹೆಸರು ಬಂತು. ಅಕ್ಕ ಅಂದೇ ಬೀರುವನ್ನು ಎಲ್ಲಿಗೆ ಸರಿಸಬೇಕೆಂದು ಯೋಚಿಸತೊಡಗಿದಳು. ಆದರೆ ಚೀಟಿಯಲ್ಲಿ ಬಂದ ಮನೆ ಇನ್ನೂ ಗಾಳಿಯಲ್ಲೇ ಇತ್ತು. ಬೀದಿಯವರು ಒಪ್ಪಿದರೆ ಆ ಮೇಲಿನ ಮಹಡಿ, ಮಹಡಿ ಉಳಿದರೆ ಅವಳಿಗೆ ಮನೆ. ಇಲ್ಲವೆಂದರೆ ಇಲ್ಲ.

ಆ ಜಾಗದಲ್ಲಿ ಬೊಂಬು ನಿಲ್ಲಿಸಲು ಕರೆದದ್ದು ಭಾವನನ್ನೇ. ಈ ಕಡೆ ಆ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ಭಾವ ನನ್ನ ಅಂಗಡಿಗೆ ಬಂದು ಶುರು ಮಾಡಿದರು.

"ಬೇರೆ ಕಡೆಯಿಂದ ಯಾರನ್ನಾದ್ರೂ ಕರೆಸಿ ಅಂತ ಹೇಳಿಬಿಡ್ಲೇನೋ?"

"ಹೇಳಿಬಿಡಿ."

"ಅವರು ಬಂದು ಓರೆಕೋರೆ ನಿಲ್ಲಿಸಿದ್ರೆ?"

"ಹಾಗಾದ್ರೆ ನೀವೇ ನಿಲ್ಲಿಸಿ."

"ನಾನು ನಿಲ್ಲಿಸಿದ್ರೆ ಜನ ಮಗಳ ಮುಖ ನೋಡಿ ನಿಲ್ಲಿಸಿದ ಅನ್ನಲ್ವಾ?"

"ಭಾವ, ನನ್ನ ಕೈಲಿ ಕಾದ ಇಸ್ತ್ರಿ ಪೆಟ್ಟಿಗೆ ಇದೆ" ಎಂದೆ. ಎದ್ದು ಹೋಗಿ ಕೆಲಸ ಒಪ್ಪಿಕೊಂಡರು.

ಎದುರು ಮನೆಯ ಟೀಚರಮ್ಮ ಬಂದು ಅವರ ತಲೆಯನ್ನು ಇನ್ನಷ್ಟು ಕೆಡಿಸಿದರು. ನಿವೃತ್ತಿಯಾದ ಮೇಲೆ ಬೀದಿಯ ಚೆಂದ ಕಾಯುವುದೇ ಅವರ ಕೆಲಸ. ಯಾರಾದರೂ ಕಿಟಕಿಗೆ ನೀಲಿ ಬಣ್ಣ ಬಳಿದರೆ ಅವರಿಗೆ ಸಿಡಿಮಿಡಿ. ಹಾಗೆಂದು ಕೆಟ್ಟವರಲ್ಲ. ನಮ್ಮ ಹುಡುಗಿಗೆ ಓದು ಹತ್ತಿಸಿದವರೇ ಅವರು. "ಮೇಸ್ತ್ರಿ, ಅವಳಿಗೆ ಮನೆ ಆಗ್ಲಿ ಅಂತ ನನಗೂ ಇದೆ. ಆದ್ರೆ ಬೀದಿ ಒಂದು ಸಲ ಕೆಟ್ರೆ ಮತ್ತೆ ಸರಿಯಾಗಲ್ಲ. ಬೊಂಬು ಸರಿಯಾಗಿ ನಿಲ್ಲಿಸಿ, ಅಷ್ಟೇ ನಾನು ಕೇಳೋದು. ಒಂದು ಚೂರು ಎತ್ತರ ಕಂಡ್ರೂ ನಷ್ಟ ಇಲ್ಲ" ಎಂದು ಹೇಳಿ ಹೋದರು. ಮನೆಗೆ ಹೋದರೆ ಮಗಳು. "ಅಪ್ಪ, ಒಂದು ಚೂರು ಕಮ್ಮಿ ಕಂಡ್ರೆ ಯಾರ ಗಂಟು ಹೋಗುತ್ತೆ?"

ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಆದರೆ ಭಾವನನ್ನು ನಿಜವಾಗಿ ತಿನ್ನುತ್ತಿದ್ದದ್ದು ಬೇರೆ. ಒಂದು ಸಂಜೆ ಅಕ್ಕ ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಬಳಿ ಹೇಳಿದರು. "ಆ ಮಹಡಿ ಬಂದ್ರೆ ಬೀದಿ ಕೆಡುತ್ತೆ ಕಣೋ. ನನಗೂ ಹಾಗೇ ಅನ್ಸುತ್ತೆ. ಟೀಚರಮ್ಮ ಹೇಳೋದು ಸರಿ. ಮಗಳು ಹೇಳೋದೂ ಸರಿ. ಇಬ್ಬರದೂ ಸರಿಯಾದ್ರೆ ತಪ್ಪು ಯಾರದು?" ನನಗೆ ಸಿಟ್ಟು ಬಂತು. ಸ್ವಂತ ಮಗಳ ಮನೆಯ ವಿಷಯದಲ್ಲಿ ಮನುಷ್ಯ ಹೀಗೂ ಯೋಚಿಸುತ್ತಾನೆಯೇ? ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಬೈದೆ. ಅವರು ತಲೆಯಾಡಿಸಿದರು, ಅದಕ್ಕೂ ಹೌದು ಎನ್ನುವ ಹಾಗೆ.

ಬೊಂಬು ನಿಲ್ಲಿಸುವ ದಿನ ಬೀದಿಗೆ ಬೀದಿಯೇ ಬಾಲ್ಕನಿಗೆ ಬಂದಿತ್ತು. ನಮ್ಮದು ಇಳಿಜಾರು ಬೀದಿ ಎಂದೆನಲ್ಲ, ಅಂಥಲ್ಲಿ ಒಂದು ಎಚ್ಚರ ಬೇಕು. ಕಟ್ಟಡದ ತಲೆ ಮಟ್ಟವಾಗಿರಬೇಕಾದ್ದರಿಂದ ತಗ್ಗಿನ ಕಡೆಯ ಬೊಂಬು ಉಬ್ಬಿನ ಕಡೆಯದಕ್ಕಿಂತ ಉದ್ದವಾಗಿರಬೇಕು. ಎಷ್ಟು ಉದ್ದ ಎಂಬುದನ್ನು ಭಾವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡುತ್ತಾರೆ. ಪೈಪಿನ ಎರಡು ತುದಿಯನ್ನು ಎರಡು ಕಡೆ ಹಿಡಿದರೆ ನೀರು ತಾನಾಗಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ಅಳತೆ. ಆ ದಿನ ಒಂದು ಕಡೆ ಟೀಚರಮ್ಮ ಜಗಲಿಯಲ್ಲಿ ಕೈಕಟ್ಟಿ ನಿಂತಿದ್ದರು. ಇನ್ನೊಂದು ಕಡೆ ಮಗಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಭಾವ ಯಾರ ಕಡೆಯೂ ನೋಡದೆ ಕೆಲಸ ಮಾಡಿದರು. ಹಗ್ಗ ಎಳೆದಾಗ, ಆಣೆ ಮಾಡಿ ಹೇಳುತ್ತೇನೆ, ಚೆನ್ನಾಗಿಯೇ ಕಂಡಿತು. ಹಗ್ಗ ಬೀದಿಯ ಜೊತೆಗೇ ಇಳಿದು ಬರುತ್ತಿತ್ತು.

ಮರುದಿನದಿಂದ ನನ್ನ ಅಂಗಡಿ ಮುಂದೆ ಜಗಳ ಹತ್ತಿಕೊಂಡಿತು. ಉಬ್ಬಿನ ಕಡೆಯ ದರ್ಜಿ ಬಂದು, "ಆಕಾಶಾನೇ ನುಂಗುತ್ತಲ್ಲಪ್ಪ ಇದು. ನನ್ನ ಮಗ್ಗುಲಲ್ಲಿ ಬೆಟ್ಟ ಬಂದು ಕೂತ ಹಾಗಿದೆ" ಎನ್ನುತ್ತಾನೆ. ತಗ್ಗಿನ ಕಡೆಯ ಹಾಲಿನ ಅಂಗಡಿಯವನು, "ಇಷ್ಟಕ್ಕೇನಾ ಗಲಾಟೆ? ಪಾಪ, ಸಣ್ಣದಾಗಿ ಅಚ್ಚುಕಟ್ಟಾಗಿದೆ. ಕಟ್ಕೊಳ್ಲಿ ಬಿಡಿ" ಎನ್ನುತ್ತಾನೆ. "ಕನ್ನಡಕ ಹಾಕ್ಕೊಂಡು ನೋಡೋ" ಎಂದ ದರ್ಜಿ. "ನೀನು ತೆಗೆದು ನೋಡು" ಎಂದ ಇವನು. ಬೀದಿಯ ಮೇಲಿನ ಅರ್ಧಕ್ಕೆ ಕಟ್ಟಡ ರಾಕ್ಷಸ, ಕೆಳಗಿನ ಅರ್ಧಕ್ಕೆ ಅದು ಕೂಸು. ತಗ್ಗಿನ ಕಡೆ ಮನೆ ಹೆಚ್ಚು, ಜನ ಹೆಚ್ಚು. ಹಾಗಾಗಿ ಮಹಡಿ ಉಳಿಯುತ್ತದೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಭಾವ ಅಲ್ಲೇ ಟೀ ಕುಡಿಯುತ್ತಾ ಇಬ್ಬರ ಮಾತನ್ನೂ ಕೇಳುತ್ತಿದ್ದರು. ಲೋಟ ಕೆಳಗಿಟ್ಟರು. "ಬಾ ಇಲ್ಲಿ" ಎಂದು ನನ್ನನ್ನು ಕರೆದುಕೊಂಡು ಹೋಗಿ ಪೈಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ತಗ್ಗಿಗೆ ನಡೆದರು. ನೀರು ಆಚೆ ಈಚೆ ತೂಗಾಡಿ ನಿಂತಿತು. ಅವರು ಬೊಂಬನ್ನು ನೋಡಿದರು, ನೀರನ್ನು ನೋಡಿದರು, ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತುಬಿಟ್ಟರು.

"ಇಳಿಜಾರು ಕೂಡಿಸೋದೇ ಬಿಟ್ಟಿದ್ದೀನಿ. ಈ ತುದಿ ಒಂದಾಳು ಕಮ್ಮಿ ಇದೆ."

"ಮರೆತ್ರಾ? ಇಲ್ಲ ಬೇಕು ಅಂತಾನೇ ಮಾಡಿದ್ರಾ?" ಎಂದು ನೇರವಾಗಿಯೇ ಕೇಳಿದೆ.

"ಅದೇ ಗೊತ್ತಾಗ್ತಿಲ್ಲ ಕಣೋ" ಎಂದರು. "ಪೈಪು ಕೈಲಿತ್ತು. ಮಟ್ಟ ನೋಡ್ಬೇಕು ಅಂತ ನೆನಪೂ ಇತ್ತು ಅನ್ಸುತ್ತೆ. ಆಮೇಲೆ ಮಗು ಅತ್ತಿತು, ಆ ಕಡೆ ನೋಡ್ದೆ. ಮತ್ತೆ ಬೊಂಬು ಕಟ್ಟಿ ಆಗಿತ್ತು. ನಡುವೆ ನಾನು ಏನು ಅಂದ್ಕೊಂಡೆ ಅನ್ನೋದು ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

ಸುಮ್ಮನಿರಿ ಎಂದು ನಾನು ಹೇಳಿದೆ. ಮನೆಯಲ್ಲಿ ಅಕ್ಕನೂ ಹೇಳಿದಳು. ಅವಳ ವಾದ ನನ್ನದಕ್ಕಿಂತ ಗಟ್ಟಿ. "ಸುಳ್ಳು ನೀವು ಹೇಳಿಲ್ಲ, ಬೊಂಬು ಹೇಳಿದೆ. ನೀವು ಬಾಯಿ ಮುಚ್ಕೊಂಡಿದ್ರೆ ಸಾಕು." ಮಗಳು ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. "ಅಪ್ಪ, ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು" ಎಂದಳು. ಹಾಗೆ ಹೇಳಿದ್ದಕ್ಕಿಂತ ನಾಲ್ಕು ಬೈದಿದ್ದರೆ ಭಾವನಿಗೆ ಹಗುರವಾಗುತ್ತಿತ್ತು. ಮರುದಿನ ಬೆಳಿಗ್ಗೆ ಉದ್ದನೆಯ ಬೊಂಬೊಂದನ್ನು ಹೆಗಲ ಮೇಲಿಟ್ಟುಕೊಂಡು ಜಾಗದವರೆಗೆ ಹೋದರು, ಬೇಲಿ ಹಿಡಿದು ನಿಂತರು, ಬೊಂಬಿನ ಸಮೇತ ವಾಪಸ್ ಬಂದರು. ಮಧ್ಯಾಹ್ನ ಮತ್ತೆ ಹೋದರು, ಮತ್ತೆ ಬಂದರು. ನೋಡಿದವರು ಬೊಂಬಿಗೆ ಗಾಳಿ ಕುಡಿಸುತ್ತಿದ್ದಾರೆ ಎಂದು ನಕ್ಕರು.

ಸಭೆ ಶಾಲೆಯ ಹಾಲ್‌ನಲ್ಲಿತ್ತು. ನಗರ ಕಚೇರಿಯ ಅಧಿಕಾರಿ ಮೇಡಂ, ಪಕ್ಕದಲ್ಲಿ ನಕ್ಷೆ ಮಾಡಿದ ಇಂಜಿನಿಯರು, ಎದುರಿಗೆ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾವು. ಮೊದಲ ಪ್ರಶ್ನೆ ಯಾವಾಗಲೂ ಬೊಂಬು ಮೇಸ್ತ್ರಿಗೆ. ಬೊಂಬು ನಕ್ಷೆಯ ಪ್ರಕಾರ ನಿಂತಿದೆಯೇ ಎಂದು ಅವರು ಕೇಳುತ್ತಾರೆ, ನಿಂತಿದೆ ಎಂದು ಇವರು ಹೇಳುತ್ತಾರೆ. ಮೇಡಂ ಕೇಳಿದರು. ಭಾವ ಎದ್ದು ನಿಂತರು. ಅಕ್ಕ ಅವರ ಅಂಗಿಯ ತುದಿಯನ್ನು ಹಿಡಿದಿದ್ದಳು.

"ಒಂದು ಕಡೆ ನಿಂತಿದೆ" ಎಂದರು. "ಇನ್ನೊಂದು ಕಡೆ ನಿಂತಿಲ್ಲ. ತಗ್ಗಿನ ಕಡೆ ಒಂದಾಳು ಎತ್ತರ ಇನ್ನೂ ಬರ್ಬೇಕು."

ಅಕ್ಕ ಅಂಗಿ ಬಿಟ್ಟಳು. ಹಾಲ್‌ನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ನಿನ್ನೆಯವರೆಗೆ ಕಟ್ಟಡ ಅಚ್ಚುಕಟ್ಟಾಗಿದೆ ಎನ್ನುತ್ತಿದ್ದ ಹಾಲಿನ ಅಂಗಡಿಯವನೇ ಮೊದಲು ಎದ್ದ. "ಮಗಳಿಗೋಸ್ಕರ ನಮ್ಮ ಕಣ್ಣಿಗೆ ಮಣ್ಣೆರಚಿದ್ರಾ ಮೇಸ್ತ್ರಿ?" ಎಂದ. "ಹಾಗಿದ್ರೆ ಅವರೇ ಯಾಕಪ್ಪ ಹೇಳ್ತಿದ್ರು?" ಎಂದು ದರ್ಜಿ ಅವನ ಮೇಲೆ ಬಿದ್ದ. ಅಷ್ಟು ಎತ್ತರ ಬೇಡವೇ ಬೇಡ ಎಂದು ತಗ್ಗಿನವರೂ ಉಬ್ಬಿನವರೂ ಮೊದಲ ಬಾರಿಗೆ ಒಂದಾದರು. ನನ್ನ ತಾಳ್ಮೆ ಹರಿಯಿತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ. ಮಲಗೋಕೆ ಜಾಗ ಇಲ್ಲ, ನಿಮಗೆ ಬೀದಿ ಚೆಂದ ಬೇಕಾ?" ಎಂದು ಕೂಗಿದೆ. ಟೀಚರಮ್ಮ ನನ್ನ ಕಡೆ ತಿರುಗಿ ಮೆತ್ತಗೆ, "ಜುಟ್ಟೂ ನಮ್ಮ ತಲೇದೇ ಅಲ್ವೇನಪ್ಪ" ಎಂದರು.

ಮೇಡಂ ಮೇಲಿನ ಮಹಡಿಯನ್ನು ತೆಗೆದುಹಾಕುವ ಮಾತು ಶುರು ಮಾಡಿದರು. ಭಾವ ಇನ್ನೂ ಕೂತಿರಲಿಲ್ಲ.

"ಮೇಡಂ, ಅದು ಇದ್ದೂ ಕಾಣದೇ ಹೋದ್ರೆ ಆಗುತ್ತಾ?"

ಯಾರಿಗೂ ಅರ್ಥವಾಗಲಿಲ್ಲ. ಭಾವನಿಗೂ ಪೂರ್ತಿ ಅರ್ಥವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಇಂಜಿನಿಯರು ಬಿಡಿಸಿ ಹೇಳಿದರು. ಆ ಮಹಡಿಯನ್ನು ಬೀದಿಯಿಂದ ಹಿಂದಕ್ಕೆ ತಳ್ಳಬಹುದು, ಮುಂದೆ ಇಳಿಜಾರು ಹೆಂಚಿನ ಮಾಡು ಕೊಡಬಹುದು, ಕಿಟಕಿ ಬಾಗಿಲು ಮೆಟ್ಟಿಲು ಎಲ್ಲ ಹಿತ್ತಲ ಕಡೆ ಇಡಬಹುದು. ತಾನೂ ಇದನ್ನು ಯೋಚಿಸಿದ್ದುಂಟು, ಆದರೆ ಕೋಣೆಗಳು ಸಣ್ಣದಾಗುತ್ತವೆಂದು ಕೈಬಿಟ್ಟಿದ್ದೆ ಎಂದರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಮೇಡಂ ಮುಖ ಅರಳಿತು. ಎಷ್ಟು ಹಿಂದಕ್ಕೆ ಹೋದರೆ ಕಾಣುವುದಿಲ್ಲ ಎಂಬುದನ್ನು ಬೊಂಬು ನಿಲ್ಲಿಸಿಯೇ ನೋಡೋಣ ಎಂದರು.

ಆ ದಿನವನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಮುಂದಿನ ಸಾಲಿನ ಹಗ್ಗ ಈಗ ಸರಿಯಾದ ಮಟ್ಟದಲ್ಲಿತ್ತು, ಹೆಚ್ಚಿನ ಮಹಡಿ ಬಿಟ್ಟು. ಅದರ ಹಿಂದೆ ಭಾವ ಮೇಲಿನ ಮಹಡಿಯಷ್ಟು ಎತ್ತರದ ಬೊಂಬನ್ನು, ತುದಿಗೆ ಕೆಂಪು ಬಟ್ಟೆ ಕಟ್ಟಿ, ಆಳುಗಳ ಜೊತೆ ಹಿಡಿದು ನಿಂತರು. ನಾನು ಎದುರು ಬದಿಯಲ್ಲಿ, ಟೀಚರಮ್ಮನ ಮೆಟ್ಟಿಲ ಮೇಲೆ. ನನ್ನ ಕೆಲಸ ಕೂಗುವುದು. ಬಟ್ಟೆ ಹಗ್ಗದ ಮೇಲೆ ಕಾಣುತ್ತಿದ್ದರೆ "ಕಾಣ್ತಿದೆ" ಎನ್ನಬೇಕು, ಅವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅದು ಹಗ್ಗದ ಹಿಂದೆ ಮುಳುಗುವವರೆಗೆ ಹೀಗೇ. ಮಗಳು ಇಂಜಿನಿಯರ ಹತ್ತಿರ ಮನೆಯ ಒಳಗಿನ ಅಳತೆ ಕೇಳಿ ತಿಳಿದುಕೊಂಡು ಬಂದು ನನ್ನ ಪಕ್ಕ ನಿಂತಿದ್ದಳು.

"ಕಾಣ್ತಿದೆ" ಎಂದು ಕೂಗಿದೆ.

"ಬಾಲ್ಕನಿ ಹೋಯ್ತು" ಎಂದಳು ಅವಳು.

"ಇನ್ನೂ ಕಾಣ್ತಿದೆ."

"ಈಗ ಮುಂದಿನ ಕೋಣೆ ಅರ್ಧ."

ಸುಳ್ಳು ಹೇಳಿಬಿಡೋಣವೆಂದರೆ ಟೀಚರಮ್ಮ ಪಕ್ಕದಲ್ಲೇ, ಹೊಸ ಕನ್ನಡಕ ಹಾಕಿಕೊಂಡು. ಮತ್ತೆ ಕೂಗಿದೆ, ಮತ್ತೊಂದು ಹೆಜ್ಜೆ. ಅಡುಗೆಮನೆಯ ಕಡೆಗೆ ಬಂತು ಎಂದಳು ಹುಡುಗಿ. ಕೆಂಪು ತುದಿ ಇನ್ನೂ ಬೆರಳಗಲ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಟೀಚರಮ್ಮ, ತರಗತಿಗೆ ಕೇಳಿಸುವ ಆ ಹಳೆಯ ಗಂಟಲಲ್ಲಿ, "ಸಾಕು ಮೇಸ್ತ್ರಿ, ಕಾಣ್ತಿಲ್ಲ" ಎಂದು ಕೂಗಿದರು. ನಾನು ಅವರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಒಳಗೆ ಹೋದರು.

ಕಟ್ಟಡ ಎದ್ದಿತು. ಅನ್ಯಾಯ ಹೇಳಬಾರದು, ಚೆನ್ನಾಗಿ ಬಂತು. ಕಮಾನಿನ ಕಿಟಕಿ, ಹಸಿರು ಬಣ್ಣ, ಮೇಲೆ ಹೆಂಚಿನ ಮಾಡು, ಹಿಂದಿನಿಂದಲೂ ಇಲ್ಲೇ ಇತ್ತೇನೋ ಎನ್ನುವ ಹಾಗೆ. ಮಗಳ ಸಂಸಾರ ಹಿತ್ತಲ ಮೆಟ್ಟಿಲು ಹತ್ತಿ ಮೇಲೆ ಸೇರಿತು. ಅಕ್ಕನ ಮನೆಯ ಬಾಗಿಲು ಈಗ ಪೂರ್ತಿ ತೆರೆಯುತ್ತದೆ. ಅಳಿಯ ಮಧ್ಯಾಹ್ನ ಗೊರಕೆ ಹೊಡೆದು ಮಲಗುತ್ತಾನೆ. ಮೊಮ್ಮಗಳಿಗೆ ಒಂದು ಮೂಲೆ ಸಿಕ್ಕಿದೆ, ಮಾಡು ಇಳಿದಿರುವ ಆ ಮೂಲೆಯಲ್ಲಿ ದೊಡ್ಡವರಿಗೆ ತಲೆ ಎತ್ತಿ ನಿಲ್ಲಲಾಗುವುದಿಲ್ಲ, ಅವಳಿಗೆ ಆಗುತ್ತದೆ. ಇನ್ನೆಷ್ಟು ದಿನ ಆಗುತ್ತದೋ. ಟೀಚರಮ್ಮ ಮನೆ ನೋಡಲು ಬರುವಾಗ ಹೂವಿನ ಕುಂಡವೊಂದನ್ನು ತಂದರು. ಬೀದಿಯ ಕಡೆ ಇಡಲು ಕಿಟಕಿಯಿಲ್ಲ. ಹಿತ್ತಲಲ್ಲಿ ಬಿಸಿಲಿಲ್ಲ. ಕುಂಡ ಬಚ್ಚಲಲ್ಲಿದೆ.

"ಸುಖವಾಗಿದ್ದೀಯೇನೇ?" ಎಂದು ನಾನು ಕೇಳಿದ್ದೆ. "ಇದ್ದೀನಿ ಮಾಮ, ಇಲ್ಲ ಅಂದ್ರೆ ಬಾಯಿ ಬಿದ್ದು ಹೋಗುತ್ತೆ" ಎಂದಳು. ಮತ್ತೆ ತಾನಾಗಿಯೇ, "ಆದ್ರೆ ಬೀದಿ ಕಾಣಲ್ಲ. ಈ ಬೀದೀಲೇ ಇರ್ಬೇಕು ಅಂತ ತಾನೇ ಇಷ್ಟೆಲ್ಲ ಮಾಡಿದ್ದು" ಎಂದಳು. ಈ ಮಾತನ್ನು ನಾನು ಭಾವನಿಗೆ ಹೇಳಿದೆ. ಹೇ‍ಳಬಾರದಿತ್ತೇನೋ. ಅವರು ಅಂದಿನಿಂದ ನನ್ನ ಅಂಗಡಿಗೆ ಬಂದಾಗ ಕಟ್ಟಡಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಒಮ್ಮೊಮ್ಮೆ ತಿರುಗಿ ಕೂತು ಹೊತ್ತುಗಟ್ಟಲೆ ಅದನ್ನೇ ನೋಡುತ್ತಾರೆ.

ಮೊನ್ನೆ ಸಂಜೆ ಅಧಿಕಾರಿ ಮೇಡಂ ಬೇರೆ ಬಡಾವಣೆಯ ಹತ್ತಾರು ಜನರನ್ನು ಕರೆದುಕೊಂಡು ಬಂದರು. ಅವರ ಕಡೆಯೂ ಇದೇ ತಂಟೆ, ಮನೆ ಬೇಕು, ಬೀದಿ ಕೆಡಬಾರದು. ಇಲ್ಲಿ ಹೇಗೆ ಬಗೆಹರಿಯಿತು ನೋಡಿ ಎಂದು ತೋರಿಸಲು ಬಂದಿದ್ದರು. ಭಾವನನ್ನೂ ಕರೆಸಿ ಮುಂದೆ ನಿಲ್ಲಿಸಿದರು. ನಾನು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಅಂಗಡಿ ಬಾಗಿಲಿಗೆ ಬಂದೆ. ಆಗ ತಾನೇ ಹುಡುಗಿ ಗಂಡನ ಯೂನಿಫಾರಂ ನನ್ನ ಕೈಯಿಂದ ತೆಗೆದುಕೊಂಡು ಮನೆಗೆ ಹೋಗಿದ್ದಳು.

ಬಂದವರು ಕತ್ತೆತ್ತಿ ನೋಡಿದರು. ಆ ಕಡೆ ಹೋಗಿ ನೋಡಿದರು, ಈ ಕಡೆ ಬಂದು ನೋಡಿದರು. ಒಬ್ಬ ಹಿರಿಯರು ಭಾವನ ಕೈ ಹಿಡಿದುಕೊಂಡು, "ಮೇಲೆ ಜನ ಇದ್ದಾರೆ ಅಂತ ಗೊತ್ತೇ ಆಗಲ್ವಲ್ರೀ. ನಮ್ಮ ಬೀದಿಗೂ ಹೀಗೇ ಮಾಡಿಕೊಡಿ" ಎಂದರು. ಅವರು ಮನಸಾರೆ ಹೇಳಿದ್ದು. ಭಾವ ಮೊದಲು ನಕ್ಕರು, ಹೊಗಳಿಸಿಕೊಂಡವರು ನಗುವ ಹಾಗೆ. ಆಮೇಲೆ ಕೈ ಬಿಡಿಸಿಕೊಂಡು, ರಸ್ತೆಯ ನಡುವಿಗೆ ಹೋಗಿ, ಹೆಂಚಿನ ಮಾಡಿನ ಕಡೆ ಮುಖ ಎತ್ತಿ, "ಮಗಾ" ಎಂದು ಕೂಗಿದರು. ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಇನ್ನೊಮ್ಮೆ ಕೂಗಿದರು. ಟೀಚರಮ್ಮನ ಕಿಟಕಿ ತೆರೆಯಿತು, ದರ್ಜಿ ಹೊರಗೆ ಬಂದ. ಮಾಡಿನ ಮೇಲಿದ್ದ ಎರಡು ಹಕ್ಕಿ ಎದ್ದು ಹೋದವು.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರೂ ಇಲ್ವೇನೋ" ಎಂದರು ಆ ಹಿರಿಯರು.

"ಇದ್ದಾಳೆ" ಎಂದರು ಭಾವ. "ಈ ಕಡೆಯಿಂದ ಕೂಗಿದ್ರೆ ಕೇಳ್ಸಲ್ಲ. ಹಾಗೆ ಮಾಡಿ ಅಂತ ನಾನೇ ಹೇಳಿದ್ದು."